ನೂರಕ್ಕೆ ಆರು: ಮನೆ ತೆರಿಗೆಯೊಳಗೆ ಗ್ರಂಥಾಲಯದ ಪಾಲು

ಇವತ್ತು ಒಂದು ತೆರಿಗೆಯ ಚರಿತ್ರೆ ಹೇಳ್ತೀನಿ. ತೆರಿಗೆ ಅಂದ ಕೂಡಲೇ ಮುಂದಿನ ಎಪಿಸೋಡಿಗೆ ಹಾರಿಬಿಡಬೇಡಿ, ಇದರಲ್ಲಿ ನಿಮ್ಮ ದುಡ್ಡೂ ಇದೆ.

ಬೆಂಗಳೂರಿನಲ್ಲಿ ಸ್ವಂತ ಮನೆ ಇರುವವರು ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಕಟ್ತಾರೆ. ಲೆಕ್ಕ ಸುಲಭವಾಗಲಿ ಅಂತ ತೆರಿಗೆ 10,000 ರೂಪಾಯಿ ಅಂದುಕೊಳ್ಳಿ. ಅದರ ಮೇಲೆ ಬಹಳ ವರ್ಷಗಳಿಂದ ನೂರಕ್ಕೆ 24ರಷ್ಟು ಸೆಸ್ಸು ಸೇರುತ್ತಾ ಬಂದಿದೆ. ಆಮೇಲೆ ಇನ್ನೂ ಒಂದೆರಡು ಸೇರಿಕೊಂಡವು, ಅವು ಇರಲಿ. ಈ 24ನ್ನು ಬಿಡಿಸಿ ನೋಡಿದರೆ 15 ಆರೋಗ್ಯಕ್ಕೆ, 3 ಭಿಕ್ಷುಕರ ಪುನರ್ವಸತಿಗೆ, ಉಳಿದ 6 ಗ್ರಂಥಾಲಯಕ್ಕೆ. ಅಂದರೆ ಹತ್ತು ಸಾವಿರ ಕಟ್ಟುವ ಮನೆಯಿಂದ 600 ರೂಪಾಯಿ ಪುಸ್ತಕಕ್ಕೆ ಅಂತಲೇ ಹೋಗುತ್ತೆ. ಬಾಡಿಗೆ ಮನೆಯಲ್ಲಿ ಇರುವವರು ಇದರಿಂದ ತಪ್ಪಿಸಿಕೊಂಡಿದ್ದಾರೆ ಅಂತೇನಿಲ್ಲ. ಮಾಲೀಕರು ತೆರಿಗೆಯನ್ನೂ ಬಾಡಿಗೆಯೊಳಗೇ ಲೆಕ್ಕ ಹಾಕಿರ್ತಾರೆ.

ಈ 600 ರೂಪಾಯಿ ಕೊಡ್ತಾ ಇದ್ದೀವಿ ಅನ್ನೋದು ಎಷ್ಟು ಜನಕ್ಕೆ ಗೊತ್ತು? ನಾನು ಪರಿಚಯದವರನ್ನೆಲ್ಲ ಕೇಳಿ ನೋಡಿದೆ. ಹೆಚ್ಚಿನವರು ‘ಹೌದಾ?’ ಅಂದರು. ಈ ‘ಹೌದಾ’ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ಹೋದರೆ ನೂರೆಪ್ಪತ್ತು ವರ್ಷಕ್ಕೂ ಹಿಂದಕ್ಕೆ, ಇಂಗ್ಲೆಂಡಿನ ಸಂಸತ್ತಿಗೆ ಹೋಗಬೇಕಾಗುತ್ತೆ.

ಅದು 1850. ವಿಲಿಯಂ ಯೂವರ್ಟ್ ಅನ್ನುವ ಸಂಸದರು ಒಂದು ಮಸೂದೆ ತಂದರು. ಹತ್ತು ಸಾವಿರಕ್ಕಿಂತ ಹೆಚ್ಚು ಜನ ಇರುವ ಪಟ್ಟಣಗಳು ತಮ್ಮ ಆಸ್ತಿ ತೆರಿಗೆಯಿಂದ ಸಾರ್ವಜನಿಕ ಗ್ರಂಥಾಲಯ ನಡೆಸಬಹುದು ಅಂತ. ಕೇಳೋಕೆ ನಿರುಪದ್ರವಿ ಮಸೂದೆ. ಆದರೆ ಸಂಸತ್ತಿನಲ್ಲಿ ದೊಡ್ಡ ಗಲಾಟೆಯೇ ಆಯ್ತು. ಕೂಲಿ ಮಾಡುವವರ ಕೈಗೆ ಪುಸ್ತಕ ಕೊಟ್ಟರೆ ಮುಂದೇನು ಗತಿ ಅಂತ ಕೆಲವರ ಚಿಂತೆ. ಅವರು ಓದೋಕೆ ನಾವ್ಯಾಕೆ ತೆರಿಗೆ ಕಟ್ಟಬೇಕು ಅಂತ ಇನ್ನು ಕೆಲವರ ಸಿಟ್ಟು. ಲಿಂಕನ್ ಪಟ್ಟಣದ ಕರ್ನಲ್ ಸಿಬ್ಥಾರ್ಪ್ ಅಂತ ಒಬ್ಬ ಸದಸ್ಯರಿದ್ದರು. ರೈಲು ಬೇಡ, ವಸ್ತುಪ್ರದರ್ಶನ ಬೇಡ, ಹೊಸದು ಯಾವುದೂ ಬೇಡ ಅನ್ನುವ ಆಸಾಮಿ. ಅವರು ಸಭೆಯಲ್ಲೇ ಎದ್ದು ನಿಂತು, ತನಗೆ ಓದು ಅಂದರೆ ಆಗೋದೇ ಇಲ್ಲ, ಆಕ್ಸ್‌ಫರ್ಡಿನಲ್ಲಿ ಇದ್ದಾಗಲೂ ಆಗ್ತಿರಲಿಲ್ಲ ಅನ್ನೋ ಅರ್ಥದ ಮಾತಾಡಿದರು. ಒಂದು ಲೆಕ್ಕಕ್ಕೆ ನನಗೆ ಈ ಮನುಷ್ಯ ಇಷ್ಟ. ಮನಸ್ಸಿನಲ್ಲಿ ಇದ್ದದ್ದನ್ನು ಬಾಯಿಬಿಟ್ಟು ಹೇಳಿದರಲ್ಲ!

ವಿರೋಧಿಗಳನ್ನು ಸಮಾಧಾನ ಮಾಡೋಕೆ ಯೂವರ್ಟ್ ಒಂದರ ಮೇಲೊಂದು ಷರತ್ತು ಒಪ್ಪಿಕೊಂಡರು. ತೆರಿಗೆ ಪೌಂಡಿಗೆ ಅರ್ಧ ಪೆನ್ನಿ ದಾಟುವ ಹಾಗಿಲ್ಲ. ಆಗ ಒಂದು ಪೌಂಡಿಗೆ 240 ಪೆನ್ನಿ, ಹಾಗಾಗಿ ಆಸ್ತಿಯ ಬಾಡಿಗೆ ಮೌಲ್ಯದ 480ರಲ್ಲಿ ಒಂದು ಪಾಲು. ಊರಿನ ತೆರಿಗೆದಾರರು ಮತ ಹಾಕಿ, ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ‘ಆಗಲಿ’ ಅಂದರೆ ಮಾತ್ರ ತೆರಿಗೆ. ಇನ್ನೊಂದು ಷರತ್ತು ಕೇಳಿದರೆ ನಗು ಬರುತ್ತೆ: ಆ ದುಡ್ಡಲ್ಲಿ ಕಟ್ಟಡ ಕಟ್ಟಬಹುದು, ಸಂಬಳ ಕೊಡಬಹುದು, ಪುಸ್ತಕ ಮಾತ್ರ ಕೊಳ್ಳೋ ಹಾಗಿಲ್ಲ! ಪುಸ್ತಕಗಳು ದಾನವಾಗಿ ತಾವಾಗಿ ಬರುತ್ತವೆ ಅಂತ ಅವರ ನಂಬಿಕೆ. 1855ರಲ್ಲಿ ಕಾನೂನು ತಿದ್ದಿ ಒಂದು ಪೆನ್ನಿಗೆ ಏರಿಸಿದರು, ಪುಸ್ತಕ ಕೊಳ್ಳೋಕೂ ಬಿಟ್ಟರು. ಆ ಒಂದು ಪೆನ್ನಿಯ ಮಿತಿ 1919ರವರೆಗೂ ಹಾಗೇ ಇತ್ತು.

ಮ್ಯಾಂಚೆಸ್ಟರ್‌ನಲ್ಲಿ 1852ರಲ್ಲಿ ಮತದಾನ ಆಯ್ತು. ಪರವಾಗಿ 3,962 ಮತ, ವಿರುದ್ಧ ಬರೀ 40. ಹತ್ತಿ ಗಿರಣಿಗಳ ಊರು ಅದು. ತೆರಿಗೆಯ ದುಡ್ಡಲ್ಲಿ ಪುಸ್ತಕ ಕೊಳ್ಳೋ ಹಾಗಿಲ್ಲದ ಕಾರಣ ಚಂದಾ ಎತ್ತಿದರು. ಮಾಲೀಕರೂ ಕೊಟ್ಟರು, ಸಾವಿರಾರು ಕೂಲಿಕಾರರೂ ಪುಡಿಗಾಸು ಸೇರಿಸಿದರು. ಸೆಪ್ಟೆಂಬರಿನಲ್ಲಿ ಗ್ರಂಥಾಲಯ ತೆರೆದಾಗ ವೇದಿಕೆ ಮೇಲೆ ಚಾರ್ಲ್ಸ್ ಡಿಕನ್ಸ್, ಥ್ಯಾಕರೆ ಇಬ್ಬರೂ ಇದ್ದರು. ಮೊದಲ ಗ್ರಂಥಪಾಲಕ ಎಡ್ವರ್ಡ್ ಎಡ್ವರ್ಡ್ಸ್, ಗಾರೆ ಕೆಲಸದವರ ಮಗ, ತಾನೇ ಓದಿಕೊಂಡು ಮೇಲೆ ಬಂದವರು. ಯೂವರ್ಟರಿಗೆ ಅಂಕಿ ಅಂಶ ಒದಗಿಸಿದ್ದೂ ಅವರೇ. ಕೆಲವು ವರ್ಷಗಳ ಮೇಲೆ ಸಮಿತಿಯ ಜೊತೆ ಜಗಳವಾಗಿ ಆ ಕೆಲಸ ಹೋಯ್ತು ಅನ್ನೋದು ಬೇರೆ ಮಾತು.

ಎಲ್ಲ ಊರೂ ಮ್ಯಾಂಚೆಸ್ಟರ್ ಆಗಲಿಲ್ಲ. ಗ್ಲಾಸ್ಗೋದಂಥ ದೊಡ್ಡ ನಗರ ಮತ್ತೆ ಮತ್ತೆ ಮತ ಹಾಕಿ ಬೇಡ ಅಂತು. ಲಂಡನ್ನಿನ ಎಷ್ಟೋ ಪ್ಯಾರಿಷ್‌ಗಳೂ ಹಾಗೇ ಮಾಡಿದವು. ಸಣ್ಣ ಊರುಗಳ ಕಷ್ಟ ಬೇರೆ ಥರ: ಜನ ಒಪ್ಪಿದರೂ, ಬಡ ಮನೆಗಳ ಊರಿನಲ್ಲಿ ಪೌಂಡಿಗೊಂದು ಪೆನ್ನಿ ಎತ್ತಿದರೆ ದೀಪದೆಣ್ಣೆಗೂ ಸಾಲದು. ಆಸ್ತಿ ತೆರಿಗೆಯನ್ನು ನಂಬಿದ ಗ್ರಂಥಾಲಯಕ್ಕೆ ಹುಟ್ಟಿನಿಂದಲೇ ಇರುವ ಕಾಯಿಲೆ ಇದು. ಶ್ರೀಮಂತ ಬೀದಿಯ ಗ್ರಂಥಾಲಯ ಶ್ರೀಮಂತ, ಬಡ ಬೀದಿಯದು ಬಡವ. ಪುಸ್ತಕ ಹೆಚ್ಚು ಬೇಕಾದದ್ದು ಎರಡನೆಯ ಬೀದಿಗೆ.

ನನಗೆ ಆ ಮತದಾನದ ವಿಷಯ ಮುಖ್ಯ ಅನ್ನಿಸುತ್ತೆ. ಬೇಡ ಅಂದ ಊರಿನಲ್ಲೂ ಅದರ ಬಗ್ಗೆ ಜಗಳ ನಡೆದಿತ್ತು. ಗೋಡೆ ಮೇಲೆ ಭಿತ್ತಿಪತ್ರ ಅಂಟಿಸಿದ್ದರು, ಸಭೆ ಮಾಡಿದ್ದರು. ಬೇಕು ಅಂದ ಊರಿನಲ್ಲಿ ಪ್ರತಿಯೊಬ್ಬ ತೆರಿಗೆದಾರನಿಗೂ ಗೊತ್ತಿತ್ತು, ಈ ಕಟ್ಟಡ ನನ್ನ ಪೆನ್ನಿಯದ್ದು ಅಂತ. ಬಾಗಿಲು ಮುಚ್ಚಿದ್ದರೆ ಹೋಗಿ ಕೇಳ್ತಿದ್ದ. ತೆರಿಗೆ ವಸೂಲಿ ಮಾಡುತ್ತಿದ್ದದ್ದೂ ಪುರಸಭೆ, ಗ್ರಂಥಾಲಯ ನಡೆಸುತ್ತಿದ್ದದ್ದೂ ಅದೇ ಪುರಸಭೆ. ಯಾರನ್ನು ಕೇಳಬೇಕು ಅನ್ನೋ ಗೊಂದಲ ಇರಲಿಲ್ಲ.

ಅಮೆರಿಕದ ಉಕ್ಕಿನ ಸಾಹುಕಾರ ಆಂಡ್ರೂ ಕಾರ್ನೆಗಿ ಈ ಗುಟ್ಟನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ಜಗತ್ತಿನಾದ್ಯಂತ ಅವನ ದುಡ್ಡಲ್ಲಿ ಎದ್ದ ಗ್ರಂಥಾಲಯಗಳು 2,509. ಆದರೆ ಕೊಡುತ್ತಿದ್ದದ್ದು ಕಟ್ಟಡ ಮಾತ್ರ. ಜಾಗ ಊರಿನದ್ದು. ಜೊತೆಗೆ, ಕಟ್ಟಡಕ್ಕೆ ಕೊಟ್ಟ ಮೊತ್ತದ ಹತ್ತನೇ ಒಂದು ಭಾಗವನ್ನು ಪ್ರತಿ ವರ್ಷ ತೆರಿಗೆಯಿಂದ ಎತ್ತಿ ಖರ್ಚು ಮಾಡ್ತೀವಿ ಅಂತ ಊರು ಬರೆದುಕೊಡಬೇಕಿತ್ತು. ಅವನ ಕಾರ್ಖಾನೆಯ ಕೂಲಿಕಾರರಿಗೆ ಅವನ ಬಗ್ಗೆ ಏನನ್ನಿಸಿತ್ತು ಅನ್ನೋದು ಇನ್ನೊಂದು ದೊಡ್ಡ ಕಥೆ, ಆ ಕಾರಣಕ್ಕೇ ಅವನ ದುಡ್ಡು ಬೇಡ ಅಂದ ಊರುಗಳೂ ಇದ್ದವು.

ಈ ಇಂಗ್ಲಿಷ್ ಪೆನ್ನಿ ನಮ್ಮ ಕಡೆಗೆ ಬಂದದ್ದು ಒಬ್ಬ ಗಣಿತದ ಮೇಷ್ಟ್ರ ಜೇಬಿನಲ್ಲಿ. ಶಿಯಾಳಿ ರಾಮಾಮೃತ ರಂಗನಾಥನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆ ಅಂತ ಲಂಡನ್ನಿಗೆ ಹೋದವರು ಅಲ್ಲಿ ಊರೂರಿನ ಸಾರ್ವಜನಿಕ ಗ್ರಂಥಾಲಯ ನೋಡಿದರು. ವಾಪಸ್ ಬರುವಾಗ ಅವರ ತಲೆಯಲ್ಲಿ ಇದ್ದದ್ದು ಪುಸ್ತಕ ಜೋಡಿಸುವ ವಿಧಾನ ಒಂದೇ ಅಲ್ಲ, ಕಾನೂನೂ ಇತ್ತು. 1930ರಲ್ಲಿ ಬನಾರಸಿನ ಶಿಕ್ಷಣ ಸಮ್ಮೇಳನದಲ್ಲಿ ಗ್ರಂಥಾಲಯ ಕಾನೂನಿನ ಒಂದು ಮಾದರಿ ಕರಡನ್ನು ಮುಂದಿಟ್ಟರು. ಮದರಾಸಿನಲ್ಲಿ ಅದನ್ನು ಮಸೂದೆ ಮಾಡುವ ಪ್ರಯತ್ನ ಮೂವತ್ತರ ದಶಕದಲ್ಲೇ ಆಗಿ, ಅಲ್ಲೇ ನಿಂತುಹೋಯ್ತು.

ಅವರ ವಾದ ನೇರ. ಸರ್ಕಾರದ ಅನುದಾನ ಅಂದರೆ ಒಬ್ಬ ಮಂತ್ರಿಯ ಮನಸ್ಸು, ಒಂದು ವರ್ಷದ ಬಜೆಟ್. ಬರ ಬಂದರೆ ಮೊದಲು ಕತ್ತರಿ ಬೀಳೋದು ಪುಸ್ತಕಕ್ಕೆ. ತೆರಿಗೆಯ ಪಾಲು ಅಂತ ಕಾನೂನಿನಲ್ಲೇ ಬರೆದುಬಿಟ್ಟರೆ ಯಾರ ಮುಂದೂ ಕೈ ಚಾಚಬೇಕಿಲ್ಲ.

1948ರಲ್ಲಿ ಮದರಾಸು ಗ್ರಂಥಾಲಯ ಕಾಯ್ದೆ ಬಂತು, ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ. ಆಗ ಶಿಕ್ಷಣ ಮಂತ್ರಿ ಅವಿನಾಶಿಲಿಂಗಂ ಚೆಟ್ಟಿಯಾರ್. ಮನೆ ತೆರಿಗೆಯ ಪ್ರತಿ ರೂಪಾಯಿಗೆ 6 ಪೈ ಗ್ರಂಥಾಲಯಕ್ಕೆ. ಪೈ ಲೆಕ್ಕ ಮರೆತವರಿಗೆ ಹೇಳ್ತೀನಿ, ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಲ್ಲಿಗೆ 6 ಪೈ ಅಂದರೆ ಅರ್ಧಾಣೆ. ಇಂಗ್ಲೆಂಡಿನ ಅರ್ಧ ಪೆನ್ನಿ ನಮ್ಮಲ್ಲಿ ಅರ್ಧಾಣೆಯಾಗಿ ಹುಟ್ಟಿತು ಅನ್ನಿ. ಲೆಕ್ಕದ ಬುಡ ಮಾತ್ರ ಬೇರೆ: ಅಲ್ಲಿ ಆಸ್ತಿಯ ಮೌಲ್ಯದ ಮೇಲೆ, ಇಲ್ಲಿ ತೆರಿಗೆಯ ಮೇಲೆ ತೆರಿಗೆ.

ಇಲ್ಲಿ ಕನ್ನಡದವರು ಕಿವಿ ನಿಮಿರಿಸಬೇಕು. ಆಗ ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲ ಎಲ್ಲ ಮದರಾಸಿಗೇ ಸೇರಿದ್ದವು. ಹಾಗಾಗಿ ಕರಾವಳಿಯ ಕನ್ನಡಿಗರು, ತುಳುವರು ಬೆಂಗಳೂರಿನವರಿಗಿಂತ ಎಷ್ಟೋ ಮೊದಲೇ ಈ ಕಾನೂನಿನ ಕೆಳಗೆ ಬಂದರು. ಹಳೇ ಮೈಸೂರಿನಲ್ಲಿ ಗ್ರಂಥಾಲಯ ಇರಲಿಲ್ಲ ಅಂತಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಗಿತ್ತು. ಕಬ್ಬನ್ ಪಾರ್ಕಿನ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ ನೋಡಿದ್ದೀರಲ್ಲ, ಅದು. ಆದರೆ ಅದು ದೊರೆತನದ ಕೊಡುಗೆ, ಹಕ್ಕಿನ ಪಾಲಲ್ಲ. ಧಾರವಾಡ, ಬೆಳಗಾವಿ ಕಡೆ ಮುಂಬೈ ಸರ್ಕಾರದ ಅನುದಾನದ ಪದ್ಧತಿ. ಕಲಬುರಗಿ, ರಾಯಚೂರು, ಬೀದರ್ ಕಡೆ 1955ರ ಹೈದರಾಬಾದ್ ಕಾಯ್ದೆ. 1956ರಲ್ಲಿ ಏಕೀಕರಣ ಆದಾಗ ಒಂದೇ ರಾಜ್ಯದಲ್ಲಿ ಪುಸ್ತಕಕ್ಕೆ ಇಷ್ಟು ಥರದ ಲೆಕ್ಕ ಇತ್ತು. ಭಾಷೆ ಒಂದಾಗಿತ್ತು, ಓದುವ ಮನೆಯ ಖರ್ಚು ಒಂದಾಗಿರಲಿಲ್ಲ.

ಅದನ್ನು ಒಂದು ಮಾಡೋಕೆ ಒಂಬತ್ತು ವರ್ಷ ಹಿಡಿಯಿತು. 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಬಂತು, 1966ರ ನವೆಂಬರ್ 1ರಿಂದ ಜಾರಿ. ರಂಗನಾಥನ್ ಅಷ್ಟು ಹೊತ್ತಿಗೆ ಬೆಂಗಳೂರಿನವರೇ ಆಗಿಬಿಟ್ಟಿದ್ದರು, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಕಾಯ್ದೆಯ ಉದ್ದಕ್ಕೂ ಅವರ ಮಾದರಿ ಕರಡಿನ ನೆರಳಿದೆ.

ಈ ಕಾಯ್ದೆಯನ್ನು ಓದುವಾಗ ಅದನ್ನು ಬರೆದವರು ಜಾಣರು ಅನ್ನಿಸುತ್ತೆ. ಒಂದೇ ತೆರಿಗೆಯನ್ನು ನಂಬಲಿಲ್ಲ ಅವರು. ಜಮೀನು ಮತ್ತು ಕಟ್ಟಡಗಳ ತೆರಿಗೆ, ಊರೊಳಗೆ ಬರುವ ಸರಕಿನ ಮೇಲಿನ ತೆರಿಗೆ, ವಾಹನ ತೆರಿಗೆ, ವೃತ್ತಿ ತೆರಿಗೆ, ಈ ನಾಲ್ಕರ ಮೇಲೂ ಗ್ರಂಥಾಲಯ ಕರ ಇಟ್ಟರು. ನಾಲ್ಕು ಕಾಲಿನ ಬೆಂಚು. ಜಿಲ್ಲೆಗಳಿಗೆ ಸರ್ಕಾರ ತನ್ನ ಕಡೆಯಿಂದ ಅಲ್ಲಿ ವಸೂಲಾದ ಭೂಕಂದಾಯದ ನೂರಕ್ಕೆ ಮೂರರಷ್ಟನ್ನು ಕೊಡಬೇಕು ಅಂತ ಬರೆದರು. ಹೊಲ ಇರುವ ಕಡೆ ಹೊಲದಿಂದ, ಮನೆ ಇರುವ ಕಡೆ ಮನೆಯಿಂದ. ಹೇಗಿದೆ ಏರ್ಪಾಡು!

ಆಮೇಲೆ ಕಾಲುಗಳು ಒಂದೊಂದಾಗಿ ಮುರಿದವು. ಊರ ಬಾಗಿಲಲ್ಲಿ ಲಾರಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದ ಆಕ್ಟ್ರಾಯ್ 1979ರಲ್ಲಿ ರದ್ದಾಯ್ತು. ವಾಹನ ತೆರಿಗೆ, ವೃತ್ತಿ ತೆರಿಗೆ ರಾಜ್ಯ ಸರ್ಕಾರದ ಖಜಾನೆಗೆ ಹೋದವು. ಭೂಕಂದಾಯ ಇವತ್ತು ಹೆಸರಿಗಷ್ಟೇ. ಎಕರೆಗೆ ರೈತ ಕಟ್ಟುವ ಕಂದಾಯದಲ್ಲಿ ಒಂದು ಟೀ ಬಂದರೆ ಹೆಚ್ಚು, ಅದರಲ್ಲಿ ನೂರಕ್ಕೆ ಮೂರು ಅಂದರೆ ಲೆಕ್ಕ ನೀವೇ ಹಾಕಿ. ಹೀಗೆ ಉಳಿದದ್ದು ಒಂದೇ ಕಾಲು: ಮನೆ ತೆರಿಗೆ. ಅದು ಬೆಳೆದದ್ದು ನಗರದಲ್ಲಿ, ಅದರಲ್ಲೂ ಬೆಂಗಳೂರಿನಲ್ಲಿ. ಇಂಗ್ಲೆಂಡಿನ ಸಣ್ಣ ಊರುಗಳ ಪೆನ್ನಿಯ ಕಾಯಿಲೆ ಯಾದಗಿರಿಗೂ ಚಾಮರಾಜನಗರಕ್ಕೂ ಹೀಗೆ ಅಂಟಿತು.

ಆದರೆ ಬೆಂಗಳೂರಿನ ಗ್ರಂಥಾಲಯಗಳು ದುಡ್ಡಿನಲ್ಲಿ ತೇಲಬೇಕಿತ್ತಲ್ಲ? ತೇಲಲಿಲ್ಲ. ಕಾರಣ ಕಾಯ್ದೆಯ ರಚನೆಯಲ್ಲೇ ಇದೆ. ಕರ ವಸೂಲಿ ಮಾಡೋದು ಪಾಲಿಕೆ. ಗ್ರಂಥಾಲಯ ನಡೆಸೋದು ರಾಜ್ಯದ ಸಾರ್ವಜನಿಕ ಗ್ರಂಥಾಲಯ ಇಲಾಖೆ ಮತ್ತು ನಗರ ಗ್ರಂಥಾಲಯ ಪ್ರಾಧಿಕಾರ. ಒಂದು ಕೈ ಇಸ್ಕೊಂಡು ಇನ್ನೊಂದು ಕೈಗೆ ದಾಟಿಸಬೇಕು. ಈ ದಾಟಿಸುವ ಜಾಗದಲ್ಲೇ ದುಡ್ಡು ನಿಂತುಬಿಡುತ್ತೆ. ಬಿಬಿಎಂಪಿ ಕಾಲದಲ್ಲಿ ಗ್ರಂಥಾಲಯ ಇಲಾಖೆಗೆ ಬರಬೇಕಾದ ಬಾಕಿ ನೂರಾರು ಕೋಟಿ ಅಂತ ವರ್ಷ ಬಿಟ್ಟು ವರ್ಷ ಪತ್ರಿಕೆಗಳಲ್ಲಿ ಬರ್ತಾನೇ ಇತ್ತು. ಓದಿ ಓದಿ ನಮಗೂ ಅಭ್ಯಾಸವಾಯ್ತು. ಗಮನಿಸಿ, ಇದು ಯಾರೂ ಕಟ್ಟದೆ ಉಳಿಸಿಕೊಂಡ ತೆರಿಗೆಯ ಬಾಕಿಯಲ್ಲ. ನಾವು ಕಟ್ಟಿ ಆಗಿದೆ, ರಸೀದಿಯೂ ಇದೆ. ಪುಸ್ತಕಕ್ಕೆ ಅಂತ ಕೊಟ್ಟದ್ದು ಪಾಲಿಕೆಯ ಇನ್ಯಾವುದೋ ತುರ್ತಿಗೆ ಕರಗಿಹೋಗುತ್ತೆ. ಗುಂಡಿ ಮುಚ್ಚೋದೂ ತುರ್ತೇ, ಒಪ್ಪುತ್ತೀನಿ. ಆದರೆ ಗುಂಡಿಗೆ ಬೇರೆ ತೆರಿಗೆ ಇದೆ.

ಇದೇ ಕೆಲಸವನ್ನು ಒಂದು ಅಂಗಡಿ ಮಾಡಿದರೆ ಏನಂತೀವಿ ಅಂತ ಯೋಚಿಸಿ. ಗ್ರಾಹಕರಿಂದ ಜಿಎಸ್‌ಟಿ ಇಸ್ಕೊಂಡು ಸರ್ಕಾರಕ್ಕೆ ಕಟ್ಟದೆ ಕೂತರೆ ನೋಟಿಸ್ ಬರುತ್ತೆ, ಬಡ್ಡಿ ಬೀಳುತ್ತೆ. ಗ್ರಂಥಾಲಯ ಕರ ಉಳಿಸಿಕೊಂಡರೆ ಬೀಳೋದು ಒಂದು ಜ್ಞಾಪನ ಪತ್ರ.

ಬಾಕಿಯ ಲೆಕ್ಕ ಕಾಗದದ ಮೇಲೆ ಕೋಟಿಯಲ್ಲಿರುತ್ತೆ, ಗ್ರಂಥಾಲಯದ ಒಳಗೆ ಅದು ಕಾಣೋದೇ ಬೇರೆ ರೂಪದಲ್ಲಿ. ಒಂದು ದಿನಪತ್ರಿಕೆಯ ಹಾಳೆಗಳನ್ನು ಬಿಡಿಸಿ ನಾಲ್ಕು ಜನ ಹಂಚಿಕೊಂಡು ಓದ್ತಾ ಕೂತಿರೋದನ್ನು ನಾನು ಎಷ್ಟೋ ಕಡೆ ನೋಡಿದ್ದೀನಿ. ಕ್ರೀಡಾಪುಟ ಓದಿ ಮುಗಿಸಿದವರು ವಾಣಿಜ್ಯ ಪುಟಕ್ಕೆ ಕಾಯ್ತಿರ್ತಾರೆ. ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಮನೆಯಿಂದಲೇ ಪುಸ್ತಕ ತಂದಿರ್ತಾರೆ, ಅವರಿಗೆ ಬೇಕಾದದ್ದು ಒಂದು ಮೇಜು, ಒಂದು ಫ್ಯಾನು, ಹತ್ತು ಜನ ಒಟ್ಟಿಗೆ ಇರುವ ಸಣ್ಣ ಮನೆಯಲ್ಲಿ ಸಿಗದ ಮೌನ. ಕಪಾಟಿನ ಪುಸ್ತಕದಲ್ಲಿ ಸಂವಿಧಾನದ ತಿದ್ದುಪಡಿಗಳು ಹತ್ತು ವರ್ಷ ಹಿಂದೆ ನಿಂತಿರುತ್ತವೆ. ಇನ್ನೊಂದು ಕಡೆ ಕನ್ನಡದ ಸಣ್ಣ ಪ್ರಕಾಶಕರು. ಗ್ರಂಥಾಲಯ ಇಲಾಖೆ ಸಗಟಾಗಿ ಕೊಳ್ಳುವ ಪ್ರತಿಗಳ ಮೇಲೆ ನಿಂತಿರುವ ಉದ್ಯಮ ಅದು. ಖರೀದಿ ನಿಂತರೆ, ಕೊಂಡ ಪುಸ್ತಕದ ಬಿಲ್ಲು ತಡವಾದರೆ, ಮುಂದಿನ ಕಾದಂಬರಿ ಅಚ್ಚಿಗೆ ಹೋಗೋದೂ ತಡ. ಹೀಗೆ ಮನೆ ತೆರಿಗೆಯ ನೂರಕ್ಕೆ ಆರು ಎಲ್ಲಿ ನಿಂತಿತು ಅನ್ನೋದಕ್ಕೂ, ಈ ವರ್ಷ ಕನ್ನಡದಲ್ಲಿ ಯಾವ ಪುಸ್ತಕ ಬಂತು ಅನ್ನೋದಕ್ಕೂ ನೇರ ಸಂಬಂಧ ಇದೆ.

ಹಾಗಾದರೆ ಯಾಕೆ ಯಾರೂ ಕೇಳಲ್ಲ? ನನ್ನ ಪ್ರಕಾರ ಉತ್ತರ ಮತ್ತೆ ಆ ಮತದಾನದಲ್ಲಿದೆ. ರಂಗನಾಥನ್ ಇಂಗ್ಲೆಂಡಿನಿಂದ ಪೆನ್ನಿ ತಂದರು, ಮತಪೆಟ್ಟಿಗೆ ತರಲಿಲ್ಲ. ತರೋಕೆ ಕಾರಣವೂ ಇರಲಿಲ್ಲ. ಓದು ಬಾರದವರೇ ಹೆಚ್ಚಾಗಿದ್ದ ದೇಶದಲ್ಲಿ, ಮನೆ ಇರುವ ನಾಲ್ಕು ಜನ ‘ಗ್ರಂಥಾಲಯ ಬೇಡ’ ಅಂತ ಮತ ಹಾಕಿದ್ದರೆ ಎಲ್ಲ ಮುಗಿದುಹೋಗ್ತಿತ್ತು. ಗ್ಲಾಸ್ಗೋದ ಕಥೆ ಗೊತ್ತಿದ್ದ ಯಾರೂ ಆ ಜೂಜಿಗೆ ಇಳಿಯೋದಿಲ್ಲ. ಹಾಗಾಗಿ ಕಾನೂನು ಮೇಲಿನಿಂದ ಬಂತು, ಎಲ್ಲ ಊರಿಗೂ ಒಂದೇ ಸಲ ಬಂತು. ಅದು ಸರಿಯಾದ ನಿರ್ಧಾರ ಅಂತಲೇ ನಾನು ಹೇಳೋದು. ಅದಕ್ಕೆ ತೆತ್ತ ಬೆಲೆ ಇಷ್ಟು: ಯಾವ ಊರಿನಲ್ಲೂ ಈ ತೆರಿಗೆಯ ಬಗ್ಗೆ ಜಗಳ ಆಗಲಿಲ್ಲ. ಜಗಳ ಆಗದ ತೆರಿಗೆಯ ಹೆಸರು ಯಾರಿಗೂ ನೆನಪಿರೋದಿಲ್ಲ.

2019ರಲ್ಲಿ ಒಂದು ಬದಲಾವಣೆ ಆಯ್ತು, ನಗರದಲ್ಲಿ ಇರುವವರಿಗೆ ಅದು ಅಷ್ಟಾಗಿ ಗೊತ್ತಾಗಲಿಲ್ಲ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಂಥಾಲಯ ಇಲಾಖೆಯಿಂದ ತೆಗೆದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು. 2020ರಲ್ಲಿ ‘ಓದುವ ಬೆಳಕು’ ಅಂತ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಆಮೇಲೆ ಈ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಅಂತ ಹೊಸ ಹೆಸರು ಬಂತು. ಮೇಲ್ವಿಚಾರಕರ ಗೌರವಧನ ಸಾಲದು ಅನ್ನುವ ಕೂಗು ಇದ್ದೇ ಇದೆ, ಕಟ್ಟಡ ಸೋರುವ ಊರುಗಳೂ ಇವೆ.

ಆದರೆ ತೆರಿಗೆಯ ಕಣ್ಣಿನಿಂದ ನೋಡಿದರೆ ಅಲ್ಲೊಂದು ಹೊಸ ಸಂಗತಿ ಇದೆ. ಹಳ್ಳಿಯಲ್ಲಿ ಮನೆ ಕಂದಾಯ ಇಸ್ಕೊಳ್ಳೋದು ಗ್ರಾಮ ಪಂಚಾಯಿತಿ. ಗ್ರಂಥಾಲಯ ಕರವೂ ಅದರ ಜೊತೆಗೇ ಬರುತ್ತೆ. ಈಗ ಗ್ರಂಥಾಲಯ ನಡೆಸೋದೂ ಅದೇ ಪಂಚಾಯಿತಿ. ಇಸ್ಕೊಂಡ ಕೈ, ಖರ್ಚು ಮಾಡುವ ಕೈ ಎರಡೂ ಒಂದೇ, ಅದೂ ಬಸ್ ಸ್ಟ್ಯಾಂಡಿನ ಪಕ್ಕದ ಆಫೀಸಿನಲ್ಲಿ ಸಿಗುವ ಕೈ. ವರ್ಷದಲ್ಲಿ ಎರಡು ಸಲವಾದರೂ ಗ್ರಾಮಸಭೆ ಸೇರಲೇಬೇಕು, ಅಲ್ಲಿ ಜಮಾ-ಖರ್ಚು ಓದ್ತಾರೆ. ಚರಂಡಿ, ಬೀದಿ ದೀಪ, ಕುಡಿಯುವ ನೀರು ಮುಗಿದ ಮೇಲೆ ಗ್ರಂಥಾಲಯ ಕರ ಅಂತ ಒಂದು ಸಾಲು ಬರಬೇಕು. ಎಷ್ಟು ಬಂತು, ಎಷ್ಟಕ್ಕೆ ಪುಸ್ತಕ ಕೊಂಡಿರಿ ಅಂತ ಕೇಳೋಕೆ ಸಭೆಯಲ್ಲಿ ಕೂತ ಯಾರಿಗೂ ಅಡ್ಡಿಯಿಲ್ಲ.

ಬೆಂಗಳೂರಿಗೆ ಈಗ ಒಂದರ ಬದಲು ಐದು ಪಾಲಿಕೆಗಳಾಗಿವೆ. ಹಳೇ ಬಾಕಿಯನ್ನು ಈ ಐದರಲ್ಲಿ ಯಾರು ತೀರಿಸ್ತಾರೆ ಅನ್ನೋದು ನೀವು ನಿಮ್ಮ ವಾರ್ಡಿನಲ್ಲಿ ಕೇಳಬಹುದಾದ ಪ್ರಶ್ನೆ. ಆ ಪ್ರಶ್ನೆಗೆ ನಿಮಗೆ ಉತ್ತರ ಸಿಕ್ಕಿದರೆ ಬರೆದು ಕಳಿಸಿ, ಮುಂದಿನ ಕಂತಿನಲ್ಲಿ ಓದ್ತೀನಿ.